ತಂಗಿ ‘ಹೌಸ್’ ನೋಡಲಿ ಬಿಡಿ

ತಂಗಿಗೆ ಲೂಪಸ್ (ದೇಹದ ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೇ ದಾಳಿ ಮಾಡುವ ಕಾಯಿಲೆ) ಅಂತ ಗೊತ್ತಾದ ಮೇಲೆ ರಾತ್ರಿಯೆಲ್ಲ ‘ಹೌಸ್’ ಸರಣಿ, ಅಂದರೆ ಹೌಸ್ ಎಂಬ ಡಾಕ್ಟರು ಕಷ್ಟದ ರೋಗಗಳನ್ನು ಪತ್ತೆಹಚ್ಚುವ ಅಮೆರಿಕದ ಟಿವಿ ಸರಣಿ, ನೋಡುತ್ತಿದ್ದಾಳೆ, ನಿಲ್ಲಿಸಬೇಕಾ ಎಂದು ಕೇಳಿದ್ದೀರಿ. ಬೇಡ. ನಾನೂ ಅದೇ ಕಾಯಿಲೆಗೆ 18 ದಿನ ವಾರ್ಡಿನಲ್ಲಿದ್ದು ಬಂದವಳು, ಪೂರ್ತಿ 8 ಸೀಸನ್ ನೋಡಿದ್ದೇನೆ.

ಅದರಲ್ಲಿ ಯಾರಿಗೆ ಏನೇ ಆದರೂ ಒಬ್ಬರು ಲೂಪಸ್ ಇರಬಹುದು ಅನ್ನುತ್ತಾರೆ, ಇನ್ನೊಬ್ಬರು ಅಲ್ಲ ಅನ್ನುತ್ತಾರೆ. ಹೌಸ್ ತನ್ನ ನೋವಿನ ಮಾತ್ರೆ ಬಚ್ಚಿಡುವುದೂ ಲೂಪಸ್ ಪುಸ್ತಕದೊಳಗೇ! ಕೊನೆಗೆ 4ನೇ ಸೀಸನ್‌ನಲ್ಲಿ ಒಬ್ಬ ಜಾದೂಗಾರನಿಗೆ ನಿಜಕ್ಕೂ ಅದೇ ಇತ್ತು. ನಾನು ಚಪ್ಪಾಳೆ ತಟ್ಟಿದೆ, ಅಮ್ಮ ಬೈದರು.

ಆ ಗೊಂದಲ ಸುಳ್ಳಲ್ಲ. ಕೀಲುನೋವು, ಜ್ವರ, ಸುಸ್ತು, ಕೂದಲು ಉದುರುವುದು ಬೇರೆ ಎಷ್ಟೋ ಕಾಯಿಲೆಗಳಲ್ಲೂ ಇರುತ್ತವಲ್ವಾ? ಲೂಪಸ್ ಪತ್ತೆಗೆ ಮಾಡುವ ಎಎನ್‌ಎ ಎಂಬ ರಕ್ತದ ಟೆಸ್ಟ್ ಆರೋಗ್ಯವಂತರಲ್ಲೂ ಪಾಸಿಟಿವ್ ಬರಬಹುದು. ಸುಳ್ಳು ಏನೆಂದರೆ ವೇಗ. ಅಲ್ಲಿ ಮುಕ್ಕಾಲು ಗಂಟೆಯಲ್ಲಿ ರೋಗ ಸಿಗುತ್ತದೆ. ನನಗೆ 11 ತಿಂಗಳು ಹಿಡಿಯಿತು. ಮಧ್ಯೆ ಒಬ್ಬ ಡಾಕ್ಟರು ‘ಸುಮ್ನೆ ಟೆನ್ಷನ್ ಮಾಡ್ಕೋಬೇಡಿ’ ಎಂದು ವಿಟಮಿನ್ ಬರೆದುಕೊಟ್ಟರು. ರಕ್ತ ತೆಗೆಯುವುದು, ಎಂಆರ್‌ಐ ಮಾಡುವುದು, ರೋಗಿಯ ಮನೆಗೆ ನುಗ್ಗಿ ಹುಡುಕುವುದು ಎಲ್ಲವನ್ನೂ ಅಲ್ಲಿ ಡಾಕ್ಟರುಗಳೇ ಮಾಡುತ್ತಾರೆ. ನನ್ನನ್ನು ಸರಿಯಾಗಿ ಮಾತಾಡಿಸಿದ್ದು ರಾತ್ರಿ ಪಾಳಿಯ ನರ್ಸ್. ಆ ಸರಣಿಯಲ್ಲಿ ನರ್ಸ್‌ಗಳು ಹಿಂದೆ ಓಡಾಡುವ ನೆರಳು ಅಷ್ಟೇ.

ಲೂಪಸ್‌ಗೆ ಕೊಡುವ ಸ್ಟೀರಾಯ್ಡಿನಿಂದ ಮುಖ ಊದಿಕೊಳ್ಳುವುದನ್ನೂ ಅಲ್ಲಿ ತೋರಿಸುವುದಿಲ್ಲ. ಅದನ್ನು ಅವಳಿಗೆ ಮೊದಲೇ ಹೇಳಿಡಿ. ಹೈಡ್ರಾಕ್ಸಿಕ್ಲೋರೋಕ್ವಿನ್ (ಲೂಪಸ್‌ಗೆ ಕೊಡುವ ಮಾತ್ರೆ, ಕಣ್ಣಿಗೆ ತೊಂದರೆ ಮಾಡಬಹುದು) ಕೊಟ್ಟಿದ್ದರೆ ಕಣ್ಣಿನ ತಪಾಸಣೆ ಯಾವಾಗ ಎಂದು ಅವಳ ಡಾಕ್ಟರನ್ನು ಕೇಳಿ.