ಇಪ್ಪತ್ತೊಂಬತ್ತು ಸೆಕೆಂಡು ಕಾಯಿಸುವ ಹಾಡು

ಪ್ರಶ್ನೆ: ನಮ್ಮದು ಸಂಗೀತದ ಮನೆ. ಅತ್ತೆಯವರು ಇಂದಿಗೂ ಮುಂಜಾನೆ ಮಲ್ಲಿಕಾರ್ಜುನ ಮನ್ಸೂರರ ಗಾಯನ ಹಚ್ಚಿಕೊಂಡೇ ಚಹಾ ಕುಡಿಯುತ್ತಾರೆ. ಪಿಯುಸಿ ಓದುವ ಮಗನಿಗೆ ಮಾತ್ರ ಮೈಕಲ್ ಜಾಕ್ಸನ್ ಅವರ ‘ಬಿಲ್ಲಿ ಜೀನ್’ ಹಾಡಿನ ಹುಚ್ಚು. ತಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನ ಈ ಒಂದೇ ಹಾಡನ್ನು ದಿನಕ್ಕೆ ಹತ್ತು ಸಲ ಕೇಳುತ್ತಾನೆ. ಅದರಲ್ಲಿ ಅಂಥದ್ದೇನಿದೆ?
– ತಾಯಿಯೊಬ್ಬರು, ಮಾಳಮಡ್ಡಿ, ಧಾರವಾಡ

ಉತ್ತರ: ಒಮ್ಮೆ ಮಗನ ಪಕ್ಕದಲ್ಲಿ ಕುಳಿತು ಆ ಹಾಡಿನ ಮೊದಲ 29 ಸೆಕೆಂಡುಗಳನ್ನು ಕೇಳಿರಿ ಎಂದು ವಿನಂತಿಸುತ್ತೇನೆ. ಆರಂಭದಲ್ಲಿ ಬರಿಯ ಡ್ರಮ್ ಇರುತ್ತದೆ, ಅದರ ನಡೆ ಕಿವಿಯಲ್ಲಿ ಕುಳಿತ ಮೇಲೆ ಬೇಸ್ ಗಿಟಾರ್ ಒಂದೇ ಸ್ವರಗುಚ್ಛವನ್ನು ಮತ್ತೆ ಮತ್ತೆ ನುಡಿಯುತ್ತ ಬಂದು ಸೇರುತ್ತದೆ, ಅನಂತರ ಸಿಂಥಸೈಸರ್, ಇಷ್ಟೆಲ್ಲ ಆದ ಮೇಲೆಯೇ ಜಾಕ್ಸನ್ ಬಾಯಿ ತೆರೆಯುತ್ತಾರೆ. ನಿರ್ಮಾಪಕ ಕ್ವಿನ್ಸಿ ಜೋನ್ಸ್ ಅವರಿಗೆ ಈ ಪೀಠಿಕೆ ತೀರ ಉದ್ದವೆನಿಸಿತ್ತು. ತನ್ನನ್ನು ಕುಣಿಯಲು ಎಬ್ಬಿಸುವುದೇ ಆ ಭಾಗವೆಂದು ಹೇಳಿ ಜಾಕ್ಸನ್ ಅದನ್ನು ಉಳಿಸಿಕೊಂಡರು. ತಂಬೂರಿ ಕೂಡಿದ ಮೇಲೆ ಗಾಯಕರು ಷಡ್ಜ ಹಚ್ಚುವವರೆಗೆ ಉಸಿರು ಬಿಗಿಹಿಡಿದು ಕೂಡುವ ನಿಮ್ಮ ಅತ್ತೆಯವರಿಗೆ ಈ ಕಾಯುವಿಕೆಯ ರುಚಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಶ್ರಮವೂ ಸಣ್ಣದಲ್ಲ. ಧ್ವನಿಮುದ್ರಣ ತಂತ್ರಜ್ಞ ಬ್ರೂಸ್ ಸ್ವೀಡಿಯನ್ ಈ ಹಾಡಿನ ಧ್ವನಿಗಳನ್ನು 91 ಬಗೆಯಲ್ಲಿ ಹದಗೊಳಿಸಿ ನೋಡಿದರು, ಕೊನೆಗೆ ಆರಿಸಿದ್ದು ಎರಡನೆಯದನ್ನು. 1982ರ ನವೆಂಬರಿನಲ್ಲಿ ಬಂದ ‘ಥ್ರಿಲ್ಲರ್’ ಆಲ್ಬಮ್ಮಿನ ಈ ಹಾಡನ್ನು 1983ರ ಜನವರಿಯಲ್ಲಿ ಬಿಡಿಯಾಗಿ, ಎಂದರೆ ಸಿಂಗಲ್ ಆಗಿ ಹೊರತಂದಾಗ, ಅದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ ಏಳು ವಾರ ನಿಂತಿತು.

ಈ ಹುಚ್ಚನ್ನು ನಾನು ಹತ್ತಿರದಿಂದ ಕಂಡಿದ್ದೇನೆ. 1980ರ ದಶಕದ ಕೊನೆಯಲ್ಲಿ ಧಾರವಾಡದ ನಮ್ಮ ಕಾಲೇಜಿನ ಗ್ಯಾದರಿಂಗಿನಲ್ಲಿ ನವಲಗುಂದದ ಕಡೆಯ ಗೆಳೆಯನೊಬ್ಬ ಈ ಹಾಡಿಗೆ ಕುಣಿದ. ಬಿಳಿಯ ಕಾಲುಚೀಲಕ್ಕೆ ಅವನ ಅಕ್ಕ ಟಿಕಳಿ ಹೊಲಿದುಕೊಟ್ಟಿದ್ದಳು. ಕಾಲು ಹಿಂದಕ್ಕೆ ಜಾರಲೆಂದು ಹಾಸ್ಟೆಲಿನ ಕ್ಯಾರಂ ಬೋರ್ಡಿನ ಪುಡಿಯನ್ನು ವೇದಿಕೆಯ ಹಲಗೆಗೆ ಚೆಲ್ಲಿದ್ದೆವು. ಡ್ರಮ್ ಆರಂಭವಾದೊಡನೆ ಗದ್ದಲವೆಲ್ಲ ನಿಂತಿತು, ಅವನು ಜಾರಿದ ಕ್ಷಣ ಹಿಂದಿನ ಸಾಲಿನಿಂದ ‘ವನ್ಸ್ ಮೋರ್’ ಎಂಬ ಕೂಗು ಎದ್ದಿತು. ಕಂಪನಿ ನಾಟಕಗಳಲ್ಲಿ ರಂಗಗೀತೆಗೆ ನಮ್ಮ ಹಿರಿಯರು ಕೂಗುತ್ತಿದ್ದುದೂ ಇದೇ ಮಾತನ್ನು.

ಮೂರು ನಿಮಿಷದ ಗ್ರಾಮಫೋನ್ ಪ್ಲೇಟನ್ನು ಮುಳ್ಳು ಸವೆಯುವವರೆಗೆ ಕೇಳಿ ಒಂದು ತಾನಿನ ಜಾಡು ಹಿಡಿದವರ ಊರಿದು. ನಿಮ್ಮ ಮಗ ಮಾಡುತ್ತಿರುವುದೂ ಅದೇ ಕೆಲಸವೆಂದು ನಾನು ನಂಬುತ್ತೇನೆ. 2009ರ ಜೂನ್ 25ರಂದು ಜಾಕ್ಸನ್ ತೀರಿಕೊಂಡರು. ಇಪ್ಪತ್ತಾರು ದಿನಗಳ ಮೇಲೆ, ಜುಲೈ 21ರಂದು, ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ ಹೋದರು. ಆ ಮಳೆಗಾಲದಲ್ಲಿ ಇಬ್ಬರಿಗಾಗಿಯೂ ಕಣ್ಣು ಒದ್ದೆ ಮಾಡಿಕೊಂಡವರಲ್ಲಿ ನಾನೂ ಒಬ್ಬ. ಆದ್ದರಿಂದ ಮಗನನ್ನು ತಡೆಯಬೇಡಿರಿ. ಬೇಸ್ ಯಾವಾಗ ಬಂತು, ಹಿಂದಿನ ದನಿಗಳು ಎಲ್ಲಿ ಸೇರಿದವು ಎಂದು ಅವನನ್ನೇ ಕೇಳಿರಿ. ಸಾಧ್ಯವಾದರೆ ಅಜ್ಜಿಯ ಎದುರಿಗೇ ಕೇಳಿರಿ.

ಪ್ರಶ್ನೆ: ದೂರದರ್ಶನದಲ್ಲಿ ಮೊದಲ ಸಲ ‘ಮೂನ್‌ವಾಕ್’ ಮಾಡಿ ತೋರಿಸಿದಾಗ ಜಾಕ್ಸನ್ ಈ ಹಾಡನ್ನು ನಿಜವಾಗಿ ಹಾಡಿದ್ದರೇ?
– ಅಭಿಮಾನಿ, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಇಲ್ಲ. ಮೋಟೌನ್ ಎಂಬ ಅಮೆರಿಕದ ಧ್ವನಿಮುದ್ರಣ ಸಂಸ್ಥೆಯ 25ನೆಯ ವರ್ಷದ ಆ ಕಾರ್ಯಕ್ರಮವನ್ನು 1983ರ ಮಾರ್ಚ್ 25ರಂದು ಚಿತ್ರೀಕರಿಸಿ ಮೇ 16ರಂದು ಪ್ರಸಾರ ಮಾಡಿದರು. ಅಲ್ಲಿ ಕೇಳುವುದು ಮುದ್ರಿತ ಧ್ವನಿಯೇ. ಹಿಂದಕ್ಕೆ ಜಾರುವ ಆ ನಡೆಯೂ ಅವರು ಕಂಡುಹಿಡಿದದ್ದಲ್ಲ; ನರ್ತಕ ಬಿಲ್ ಬೈಲಿ 1955ರಷ್ಟು ಹಿಂದೆಯೇ ಅದನ್ನು ಮಾಡಿದ್ದ ಚಿತ್ರಿಕೆ ಇದೆ. ಆದರೂ ಕೆಲವೇ ಸೆಕೆಂಡುಗಳ ಆ ಜಾರುವಿಕೆಗೆ ಸಭೆ ಕಿರುಚಿದ ಸದ್ದನ್ನು ಕೇಳಿರಿ. ಅದು ಅಂದಿನದೇ, ಅಲ್ಲಿಯದೇ.