ಚೆಕ್‌ರೋಲ್‌ನಲ್ಲಿ ಇಲ್ಲದ ಹೆಸರು

ನಿಮ್ಮ ಕಡೆ ಅಂಗವಿಕಲರಿಗೆ ಕೆಲಸ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಕೆಲಸಕ್ಕೇನು, ಬೇಕಾದಷ್ಟು ಸಿಗುತ್ತದೆ. ಕೂಲಿ ಸಿಗುತ್ತದೆಯೇ ಎಂದು ಕೇಳಬೇಕಿತ್ತು.

ನಮ್ಮ ಕಡೆ ಎಂದರೆ ಎಲ್ಲಿ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆಯ ಪಡುವಣ ಅಂಚು. ಶಿರಾಡಿ ಘಾಟಿ ಇಳಿದರೆ ದಕ್ಷಿಣ ಕನ್ನಡ, ಬಡಗಣಕ್ಕೆ ಹೊರಟರೆ ಮೂಡಿಗೆರೆ, ಅಲ್ಲಿಗೆ ಚಿಕ್ಕಮಗಳೂರಿನ ಸೀಮೆ. ನಮ್ಮದು ಮಳೆಯ ಗಡಿ. ಅರಸೀಕೆರೆಯವರು ರಾಗಿಗಾಗಿ ಮುಗಿಲು ನೋಡುತ್ತಿರುವಾಗ ನಾವು ಕೊಡೆ ಒಣಗಿಸಲು ಜಾಗ ಹುಡುಕುತ್ತಿರುತ್ತೇವೆ; ಎರಡೂ ಒಂದೇ ಜಿಲ್ಲೆ. ಮಳೆಯ ಮಾತು ಯಾಕೆ ಬಂತೆಂದರೆ, ತೋಟದ ಕೂಲಿಯವರ ಸಾಲುಮನೆಯಾದ ಲೈನ್ ಮನೆಯಿಂದ ಟಾರು ರಸ್ತೆಗೆ ಹತ್ತುವ ಕೆಮ್ಮಣ್ಣಿನ ಏರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಎರಡು ಕಾಲೂ ನೆಟ್ಟಗಿರುವವರೇ ಜಾರುತ್ತಾರೆ. ಸಮಾರಂಭದಲ್ಲಿ ಹಾರ ಹಾಕಿ, ಫೋಟೊ ತೆಗೆಸಿ ಕೊಟ್ಟ ಗಾಲಿಕುರ್ಚಿಯ ಮೇಲೆ ಕಂಬಳಿ ಮಡಚಿಟ್ಟ ಮನೆಗಳನ್ನು ನಾನು ನೋಡಿದ್ದೇನೆ.

ನಾನು ಸಮಾಜಕಾರ್ಯ ಓದಿದವಳು. ಕೆಲವು ವರ್ಷ ಒಂದು ಕಾರ್ಖಾನೆಯಲ್ಲಿ ಕಾರ್ಮಿಕ ಕಲ್ಯಾಣದ ಕೆಲಸ ಮಾಡಿ, ಈಗ ಕಾಫಿ ತೋಟಗಳ ಕಡೆ ಓಡಾಡಿಕೊಂಡಿದ್ದೇನೆ. ‘ಅಂದರೆ ಸಮಾಜಸೇವೆ’ ಎನ್ನುತ್ತಾರೆ ನೆಂಟರು. ನನಗೆ ಸಂಬಳವಿದೆ, ತಡವಾಗಿಯಾದರೂ ಬರುತ್ತದೆ ಎಂದರೆ ಅವರಿಗೆ ಸ್ವಲ್ಪ ನಿರಾಸೆಯಾಗುತ್ತದೆ.

ತೋಟದ ರೈಟರ್ ಬೆಳಿಗ್ಗೆ ಹಾಜರಿ ಹಾಕುವ ಪುಸ್ತಕಕ್ಕೆ ಚೆಕ್‌ರೋಲ್ ಎಂದು ಹೆಸರು. ಅದರಲ್ಲಿ ಹೆಸರಿದ್ದವರು ಕಾರ್ಮಿಕರು. ಹೆಸರಿಲ್ಲದೆ ದುಡಿಯುವವರು ‘ಮನೆಯವರ ಹಾಗೆ’. ಈ ಮಾತು ಕಿವಿಗೆ ಬಿದ್ದರೆ ನಾನು ಚಹಾ ಲೋಟ ಕೆಳಗಿಟ್ಟು ಕೂರುತ್ತೇನೆ. ಮನೆಯವರ ಹಾಗೆ ಇರುವವರು ಬಹುಪಾಲು ಕಿವಿ ಕೇಳದವರು, ಬುದ್ಧಿ ಬೆಳವಣಿಗೆ ಕಡಿಮೆ ಇರುವವರು, ಇಲ್ಲವೇ ಗಂಡ ಬಿಟ್ಟ ಹೆಂಗಸರು.

ಒಂದು ತೋಟದಲ್ಲಿ ಅಂಥ ಒಬ್ಬನಿದ್ದ. ಹುಟ್ಟಿನಿಂದ ಕಿವುಡ, ನಲವತ್ತರ ಆಸುಪಾಸು. ದನ ಕಟ್ಟುವುದು, ಸೌದೆ ಒಡೆಯುವುದು, ಸುಗ್ಗಿಯಲ್ಲಿ ಕಣ ನೋಡಿಕೊಳ್ಳುವುದು ಅವನ ಕೆಲಸ. ಕಣದ ಕೆಲಸ ಸಣ್ಣದಲ್ಲ. ಹರಡಿದ ಕಾಫಿಯನ್ನು ದಿನವಿಡೀ ಕೆದಕುತ್ತಿರಬೇಕು, ಇಬ್ಬನಿ ಬೀಳುವ ಮೊದಲು ಗುಡ್ಡೆ ಹಾಕಿ ಟಾರ್ಪಾಲು ಹೊದಿಸಬೇಕು, ಹೆಚ್ಚು ಒಣಗಿದರೆ ತೂಕ ನಷ್ಟ, ಕಡಿಮೆಯಾದರೆ ಬೂಷ್ಟು. ಉಳಿದವರು ಒಣಗಿದ ಚೆರಿಯನ್ನು ಮುಷ್ಟಿಯಲ್ಲಿ ಕುಲುಕಿ, ಒಳಗಿನ ಬೀಜ ಗಲಗಲ ಎಂದರೆ ಆಯಿತು ಎನ್ನುತ್ತಾರೆ. ಅವನಿಗೆ ಆ ಗಲಗಲ ಇಲ್ಲ. ಒಂದು ಕಾಯಿ ಆರಿಸಿ, ಬೀಜ ಬಿಡಿಸಿ, ದವಡೆ ಹಲ್ಲಿನ ನಡುವೆ ಇಟ್ಟು ಕಚ್ಚುತ್ತಾನೆ. ಆಮೇಲೆ ಸೂರ್ಯನ ಕಡೆ ಕೈ ತೋರಿಸಿ ಎರಡು ಬೆರಳು ಎತ್ತುತ್ತಾನೆ: ಇನ್ನೂ ಎರಡು ಬಿಸಿಲು ಬೇಕು. ಮಾಲೀಕರು ತೇವಾಂಶ ಅಳೆಯುವ ಮೀಟರ್ ತಂದ ಮೇಲೂ ಅವನು ಕಚ್ಚದೆ ಚೀಲ ಹೊಲಿಸುತ್ತಿರಲಿಲ್ಲ.

ಇಷ್ಟಕ್ಕೆ ಸಿಗುತ್ತಿದ್ದದ್ದು ಊಟ, ವರ್ಷಕ್ಕೆ ಎರಡು ಜೊತೆ ಬಟ್ಟೆ, ಹಬ್ಬಕ್ಕೆ ಕೈಖರ್ಚು. ಮಾಲೀಕರು ಕೆಟ್ಟವರಲ್ಲ, ಅವನಿಗೆ ಜ್ವರ ಬಂದಾಗ ತಮ್ಮ ಜೀಪಿನಲ್ಲೇ ಆಸ್ಪತ್ರೆಗೆ ಕರೆದೊಯ್ದಿದ್ದಾರೆ. ‘ದುಡ್ಡು ಕೊಟ್ಟರೆ ಅವನು ಏನು ಮಾಡುತ್ತಾನೆ?’ ಎಂದರು. ‘ಉಳಿದವರು ಏನು ಮಾಡುತ್ತಾರೋ ಅದನ್ನೇ, ಅರ್ಧ ಹಾಳು ಮಾಡುತ್ತಾನೆ’ ಎಂದೆ. ನಕ್ಕರು. ನಕ್ಕ ಮೇಲೆ ಮಾತು ಸುಲಭ. ಕನಿಷ್ಠ ವೇತನ ಕಣ್ಣು, ಕಿವಿ ನೋಡಿ ನಿಗದಿಯಾಗುವುದಿಲ್ಲ ಎಂಬುದನ್ನು ಆಗ ಹೇಳಿದೆ. ಬಾಗಿಲಲ್ಲೇ ಕಾಯ್ದೆ ಎತ್ತಿದ್ದರೆ ಬಾಗಿಲೇ ಮುಚ್ಚುತ್ತಿತ್ತು. ಚೆಕ್‌ರೋಲ್ ತೆರೆದು ಹೆಸರು ಬರೆಯಲು ಹೊರಟಾಗ ರೈಟರ್ ಪೆನ್ನು ಹಿಡಿದು ಸುಮ್ಮನೆ ಕೂತರು. ಎಲ್ಲರೂ ಅವನನ್ನು ‘ಮೂಗ’ ಎಂದೇ ಕರೆಯುತ್ತಿದ್ದದ್ದು. ಕೊನೆಗೆ ಕೆಳಗಿನ ಲೈನಿನ ಒಬ್ಬ ಅಜ್ಜಿ ಹೆಸರು ಹೇಳಿದರು. ಇಲಾಖೆಯವರು ಅಂಗವಿಕಲ ಎನ್ನುವುದನ್ನು ಬಿಟ್ಟು ವಿಕಲಚೇತನ ಎಂದರು, ಈಗ ವಿಶೇಷಚೇತನ ಎನ್ನುವವರೂ ಇದ್ದಾರೆ. ನನಗೆ ಯಾವುದಾದರೂ ಆದೀತು. ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಕರೆದರೆ ಇನ್ನೂ ಒಳ್ಳೆಯದು.

ಕೂಲಿ ಆಯಿತು, ಆಮೇಲೆ ಆನೆಯ ಪ್ರಶ್ನೆ. ಹೊರಗಿನವರಿಗೆ ಇದು ತಮಾಷೆ ಅನ್ನಿಸಬಹುದು. ಸಕಲೇಶಪುರ, ಆಲೂರು, ಬೇಲೂರಿನ ತೋಟಗಳಲ್ಲಿ ಕಾಡಾನೆ ದಿನನಿತ್ಯದ ಸಂಗತಿ. ಆನೆ ಯಾವ ತೋಟದಲ್ಲಿದೆ ಎಂದು ಮೊಬೈಲ್‌ಗೆ ಸಂದೇಶ ಬರುತ್ತದೆ, ಮೈಕಿನಲ್ಲಿ ಕೂಗುತ್ತಾರೆ, ಕೆಲಸದಾಳುಗಳು ಒಬ್ಬರಿಗೊಬ್ಬರು ಕೂ ಹಾಕುತ್ತಾರೆ. ಇದೆಲ್ಲ ಕಿವಿ ಇದ್ದವರಿಗೆ. ನಾವು ಮಾಡಿದ್ದು ಇಷ್ಟೇ: ಬೆಳಗಿನ ಮಂಜಿನಲ್ಲಿ ಅವನನ್ನು ಒಬ್ಬಂಟಿ ಕಳಿಸಬಾರದು, ಒಬ್ಬ ಜೊತೆಗಾರ ಕಣ್ಣಳತೆಯಲ್ಲಿರಬೇಕು, ಮೊಬೈಲ್ ಕಂಪನಕ್ಕೆ ಹಾಕಿ ಅಂಗಿಯ ಎದೆಜೇಬಿನಲ್ಲಿ ಇಟ್ಟುಕೊಳ್ಳಬೇಕು. ಖರ್ಚು ಸೊನ್ನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ‘ಸಮಂಜಸ ಹೊಂದಾಣಿಕೆ’ ಎಂದರೆ ಹೆಚ್ಚುಕಡಿಮೆ ಇದೇ: ಒಬ್ಬರ ಅಗತ್ಯಕ್ಕೆ ತಕ್ಕಂತೆ, ಅತಿಯಾದ ಹೊರೆಯಾಗದ ಹಾಗೆ, ಕೆಲಸದ ಜಾಗವನ್ನು ಬದಲಿಸುವುದು.

ಒಂದು ಸೋಜಿಗ. ಅಸ್ಸಾಂ ಕಡೆಯವರು ತೋಟಕ್ಕೆ ಬಂದ ಮೇಲೆ ಕನ್ನಡ, ತುಳು, ತಮಿಳು ಬಲ್ಲ ಮೇಸ್ತ್ರಿಗಳೆಲ್ಲ ಕೈಸನ್ನೆಗೆ ಇಳಿದರು. ಸನ್ನೆಯಲ್ಲಿ ಪಳಗಿದವನು ಇಡೀ ತೋಟದಲ್ಲಿ ಒಬ್ಬನೇ. ಮೊದಲ ವಾರ ಹೊಸಬರಿಗೆ ಕೆಲಸ ಕಲಿಸಿದ್ದು ಅವನೇ.

ಇನ್ನು ಕಾಯ್ದೆ. 2016ರದ್ದು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. 1995ರ ಹಳೆಯ ಕಾಯ್ದೆಯಲ್ಲಿ ಇದ್ದದ್ದು ಏಳು. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4 ಮೀಸಲು. ಖಾಸಗಿಯವರಿಗೆ ಮೀಸಲಾತಿಯ ಕಡ್ಡಾಯವಿಲ್ಲ. ಕೆಲಸಗಾರರಲ್ಲಿ ಕನಿಷ್ಠ ಶೇ 5 ಮಂದಿ ಇವರಾಗಿರಲಿ ಎಂದು ಪ್ರೋತ್ಸಾಹ ಕೊಡಬೇಕು, ಅದೂ ಸರ್ಕಾರದ ಆರ್ಥಿಕ ಶಕ್ತಿಗೆ ತಕ್ಕಂತೆ. ಸಮಾನ ಅವಕಾಶದ ನೀತಿಯೊಂದನ್ನು ಮಾತ್ರ ಎಲ್ಲ ಸಂಸ್ಥೆಗಳೂ ಪ್ರಕಟಿಸಬೇಕು, 20 ಅಥವಾ ಹೆಚ್ಚು ಮಂದಿ ಇದ್ದರೆ ಸಂಪರ್ಕ ಅಧಿಕಾರಿಯನ್ನೂ ನೇಮಿಸಬೇಕು. ತೋಟಗಳ ಮಟ್ಟಿಗೆ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ 300 ಕಾರ್ಮಿಕರಿದ್ದಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದಿತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಅದನ್ನು 250ಕ್ಕೆ ಇಳಿಸಿದೆ. ನಮ್ಮಲ್ಲಿ ಹತ್ತು, ಹದಿನೈದು ಎಕರೆಯ ತೋಟಗಳೇ ಹೆಚ್ಚು. ಹಾಗಾಗಿ ಈ ಕಾಯ್ದೆಗಳೆಲ್ಲ ಬೆಳ್ಳಕ್ಕಿಯ ಹಾಗೆ ತೋಟದ ಮೇಲೆ ಹಾರಿಹೋಗುತ್ತವೆ, ಇಳಿಯುವುದು ಅಪರೂಪ.

ಹುಟ್ಟಿನಿಂದ ಬಂದದ್ದೇ ವೈಕಲ್ಯ ಎಂದುಕೊಳ್ಳಬೇಡಿ. ತೋಟವೂ ಅದನ್ನು ಉಂಟುಮಾಡುತ್ತದೆ. ಮಳೆಗೆ ಮೊದಲು ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಮಾಡುವಾಗ ಬೀಳುವವರು, ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಸುಟ್ಟುಕೊಳ್ಳುವವರು ಪ್ರತಿ ವರ್ಷ ಇದ್ದಾರೆ. 1923ರ ಪರಿಹಾರ ಕಾಯ್ದೆಯಲ್ಲಿ ಒಂದು ಪಟ್ಟಿ ಇತ್ತು, ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ: ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ 30 ನಷ್ಟ, ಇಡೀ ಹಸ್ತ ಹೋದರೆ ಶೇ 60. ಮೀಸಲಾತಿಗೆ ಬೇಕಾದ ಶೇ 40ರ ವೈಕಲ್ಯವನ್ನು ಅಳೆಯುವುದು ಬೇರೆ ಕೋಷ್ಟಕದಲ್ಲಿ. ಒಂದೇ ಕೈಗೆ ಎರಡು ಲೆಕ್ಕ. ಪರಿಹಾರದ ಅರ್ಜಿ ಅಪಘಾತವಾದ ಎರಡು ವರ್ಷದೊಳಗೆ ಹಾಕಬೇಕು. ‘ಆಸ್ಪತ್ರೆ ಖರ್ಚು ಸಾಹುಕಾರರೇ ನೋಡಿಕೊಂಡರಲ್ಲ’ ಎಂಬ ಋಣದಲ್ಲಿ ಆ ಎರಡು ವರ್ಷ ಕಳೆದುಹೋಗುತ್ತದೆ. ನನ್ನ ಕೆಲಸದ ಅರ್ಧ ಈ ಋಣದ ಮಾತನ್ನೂ ಹಕ್ಕಿನ ಮಾತನ್ನೂ ಬೇರೆ ಬೇರೆ ಮಾಡಿ ಹೇಳುವುದು.

ಮರಗಸಿಯಲ್ಲಿ ಬಿದ್ದು ಸೊಂಟದ ಕೆಳಗೆ ಬಲ ಕಳೆದುಕೊಂಡ ಒಬ್ಬರನ್ನು ಹಣ್ಣು ತೂಗುವ ಕೆಲಸಕ್ಕೆ ಕೂರಿಸಲು ಒಪ್ಪಿಸಿದೆವು. ಕೊಯ್ಲಿನ ಸಂಜೆ ಪ್ರತಿಯೊಬ್ಬರ ಚೀಲವೂ ತೂಕವಾಗಬೇಕು, ಕೂಲಿ ಕಿಲೋ ಲೆಕ್ಕ. ತಕ್ಕಡಿ ತೂಗುಹಾಕಿದ್ದ ಕೊಕ್ಕೆ ನಿಂತವರ ಕಣ್ಣೆತ್ತರಕ್ಕಿತ್ತು. ಎರಡು ಅಡಿ ಸರಪಳಿ ಸೇರಿಸಿ ಕೂತವರ ಕಣ್ಣೆತ್ತರಕ್ಕೆ ಇಳಿಸಿದರು. ಆಮೇಲೆ ಬಂದ ದೂರೇನು ಗೊತ್ತೇ? ಈ ಮನುಷ್ಯ ಮಹಾ ಕಟ್ಟುನಿಟ್ಟು, ಹಸಿರು ಕಾಯಿ ಕಂಡರೆ ಅರ್ಧ ಕಿಲೋ ಕಡಿಯುತ್ತಾರೆ ಎಂದು ಹೆಂಗಸರು ಶಾಪ ಹಾಕಿದರು. ಕನಿಕರ ಮುಗಿದು ಬೈಗುಳ ಶುರುವಾಯಿತು. ನನಗೆ ನಿಜಕ್ಕೂ ಸಂತೋಷವಾಯಿತು.

ಕಾರ್ಖಾನೆಯ ಕಾಲದ್ದು ಒಂದೇ ಹೇಳುತ್ತೇನೆ. ಪೋಲಿಯೊ ಆದ ಹುಡುಗಿಯೊಬ್ಬಳು ಹೊಲಿಗೆಯಲ್ಲಿ ಬಲು ಚುರುಕು, ಗುರಿ ದಿನವೂ ಮುಟ್ಟುತ್ತಿದ್ದಳು. ಒಂದು ದಿನ ಬಿಟ್ಟುಹೋದಳು. ಯಾಕೆಂದರೆ ಬಸ್ಸಿನ ಮೆಟ್ಟಿಲು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾಯಿತು, ಅವಳಿಗೆ ರಿಯಾಯಿತಿ ಪಾಸಿನ ಅಗತ್ಯವೇ ತಪ್ಪಿತು. ಮೆಟ್ಟಿಲು ಮಾತ್ರ ಇದ್ದಷ್ಟೇ ಎತ್ತರ, ಜನ ಮೊದಲಿಗಿಂತ ಹೆಚ್ಚು. ಕಾರ್ಖಾನೆಯ ಒಳಗೆ ಇಳಿಜಾರು ಕಟ್ಟಿಸಿ ನಾವು ಬೆನ್ನು ತಟ್ಟಿಕೊಂಡಿದ್ದೆವು, ಗೇಟಿನಾಚೆ ನೋಡಿರಲಿಲ್ಲ.

ಹಳ್ಳಿಯಲ್ಲಿ ಈ ಕೆಲಸ ಮಾಡುವವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು. ಅವರೂ ಅಂಗವಿಕಲರೇ. ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡು, ಪಿಂಚಣಿ, ಪಂಚಾಯಿತಿ ಅಂಗವಿಕಲರಿಗೆಂದು ತೆಗೆದಿಡುವ ಶೇ 5ರ ಅನುದಾನ, ಬಹುಪಾಲು ಅರ್ಜಿ ಅವರ ಕೈಯಿಂದಲೇ ಹೋಗುತ್ತದೆ. ಅವರಿಗೆ ಸಿಗುವುದಕ್ಕೆ ಸಂಬಳ ಎನ್ನುವುದಿಲ್ಲ, ಗೌರವಧನ. ತೋಟದ ಮಾಲೀಕರಿಗೆ ‘ಇವನನ್ನು ಕಾರ್ಮಿಕ ಎಂದು ಬರೆಯಿರಿ’ ಎಂದು ಹೇಳುವಾಗ ಈ ಗೌರವಧನದ ವಿಷಯ ಆ ಮಾಲೀಕರಿಗೆ ನೆನಪಾಗದಿರಲಿ ಎಂದುಕೊಳ್ಳುತ್ತೇನೆ.

ಕಣದವನ ಕತೆ ಮುಗಿದಿಲ್ಲ. ಶ್ರವಣ ಪರೀಕ್ಷೆಗೆಂದು ಮೂರು ಸಲ ಒಂದು ಆಸ್ಪತ್ರೆಗೆ ಅಲೆದು ಕಾರ್ಡು ಬಂತು, ಬ್ಯಾಂಕ್ ಖಾತೆಯೂ ಆಯಿತು, ವಾರದ ಕೂಲಿ ಅದಕ್ಕೆ ಬೀಳುತ್ತಿದೆ. ಎಟಿಎಂ ಕಾರ್ಡು ಮಾತ್ರ ಅವನ ಭಾವನ ಜೇಬಿನಲ್ಲಿದೆ. ಭಾವನೂ ‘ದುಡ್ಡು ಕೊಟ್ಟರೆ ಅವನು ಏನು ಮಾಡುತ್ತಾನೆ’ ಎಂದೇ ಕೇಳುತ್ತಾನೆ. ಬರುವ ಸೋಮವಾರ ಅವರ ಮನೆಗೆ ಹೋಗುತ್ತಿದ್ದೇನೆ.