ಬಾಣದ ಗುರುತು ಎಲ್ಲಿಂದ ಎಲ್ಲಿಗೆ?

ಉಡುಪಿಯ ಹೈಸ್ಕೂಲ್ ಟೀಚರ್ ಒಬ್ಬರು ಶಾಲೆಯ ವಸ್ತುಪ್ರದರ್ಶನಕ್ಕೆ ಮಾಡಿಸಿದ, ಮಂಗಳಮುಖಿಯರ ಇತಿಹಾಸದ ಚಾರ್ಟಿನ ಫೋಟೊ ಕಳಿಸಿದ್ದಾರೆ. ಸುಮೇರಿನ (ಇಂದಿನ ದಕ್ಷಿಣ ಇರಾಕ್) ‘ಗಲ’, ರೋಮಿನ ‘ಗಲ್ಲಿ’, ಬೃಹನ್ನಳೆ, ಯಕ್ಷಗಾನದ ಸ್ತ್ರೀವೇಷ, 1871ರ ಕಾಯ್ದೆ, ಕೊನೆಗೆ ಇಂದಿನ ಮಂಗಳಮುಖಿಯರು. ಎಲ್ಲವನ್ನೂ ಒಂದೇ ಬಾಣದ ಗುರುತಿನಲ್ಲಿ ಪೋಣಿಸಿ, “ತಪ್ಪಿದ್ದರೆ ತಿದ್ದಿಕೊಡಿ” ಎಂದು ಬರೆದಿದ್ದಾರೆ.

ಟೀಚರ್, ಇಸವಿಗಳೆಲ್ಲ ಸರಿ ಇವೆ. ದೊಡ್ಡ ತಪ್ಪಿರುವುದು ಬಾಣದಲ್ಲಿ.

ಮೊದಲು ಸ್ತ್ರೀವೇಷದ ಚಿತ್ರ ತೆಗೆಯಿರಿ. ಚೌಕಿಗೆ (ಬಣ್ಣದ ಕೋಣೆಗೆ) ಬಂದು ಬಣ್ಣ ಒರೆಸಿದೊಡನೆ ವೇಷ ಮುಗಿಯಿತು. ಕಲಾವಿದ ತನ್ನನ್ನು ಗಂಡೆಂದು ತಿಳಿದಿದ್ದಾನೋ ಹೆಣ್ಣೆಂದೋ ಎಂಬುದನ್ನು ವೇಷ ಹೇಳುವುದಿಲ್ಲ. ಅದನ್ನು ಈ ಸಾಲಿಗೆ ಸೇರಿಸಿದರೆ ಕಲಾವಿದರಿಗೂ ಅನ್ಯಾಯ, ಮಂಗಳಮುಖಿಯರಿಗೂ ಅನ್ಯಾಯ.

ಬೃಹನ್ನಳೆ ಇರಲಿ, ಆದರೆ ಜಾಗ್ರತೆ. ವಿರಾಟಪರ್ವದಲ್ಲಿ ಅರ್ಜುನನ ಚಿಂತೆ ತೋಳಿನದು: ಬಿಲ್ಲಿನ ಹೆದೆ ತಾಗಿ ತಾಗಿ ಜಡ್ಡುಗಟ್ಟಿದ ಗುರುತನ್ನು ಮುಚ್ಚುವುದು ಹೇಗೆ? ಬಳೆ ತೊಟ್ಟು ಮುಚ್ಚುತ್ತೇನೆ ಅನ್ನುತ್ತಾನೆ. ಅಲ್ಲಿಗೆ ಇದು ಬರೀ ವೇಷ. ಆದರೆ ಗಂಡಸುತನ ಇಲ್ಲವೆಂದು ಖಾತ್ರಿಯಾದ ಮೇಲೆಯೇ ವಿರಾಟ ಅವನನ್ನು ಅಂತಃಪುರಕ್ಕೆ ಬಿಟ್ಟನೆಂದೂ ಅದೇ ಪರ್ವ ಹೇಳುತ್ತದೆ. ಊರ್ವಶಿಯ ಶಾಪದಿಂದ ಅವನು ನಪುಂಸಕನಾದ ಕಥೆಯನ್ನಂತೂ, ಹಸ್ತಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ಪುಣೆಯ ಸಂಶೋಧಿತ ಆವೃತ್ತಿ ಮೂಲಪಾಠದಿಂದ ಹೊರಗಿಟ್ಟಿದೆ. ನಿಮ್ಮ ಚಾರ್ಟಿಗೆ ಇವನಿಗಿಂತ ಹೊಂದುವವನು ಶಿಖಂಡಿ: ಹೆಣ್ಣಾಗಿ ಹುಟ್ಟಿ, ಗಂಡಾಗಿ ಬೆಳೆದು, ಸ್ಥೂಣಾಕರ್ಣನೆಂಬ ಯಕ್ಷನೊಡನೆ ಲಿಂಗ ಅದಲುಬದಲು ಮಾಡಿಕೊಂಡವನು. ಉದ್ಯೋಗಪರ್ವದಲ್ಲಿ ಇಷ್ಟು ಸ್ಪಷ್ಟವಾಗಿರುವ ಹೆಸರನ್ನು ನಾವು ಬೈಗುಳ ಮಾಡಿಕೊಂಡಿದ್ದೇವೆ.

ಗಲ ಮತ್ತು ಗಲ್ಲಿ ಹೆಸರು ಹತ್ತಿರವಾದ್ದರಿಂದ ಅನೇಕರು ಎಡವುತ್ತಾರೆ. ಗಲ ಎಂದರೆ ಕ್ರಿ.ಪೂ. ಮೂರನೇ ಸಹಸ್ರಮಾನದ ಸುಮೇರಿನಲ್ಲಿ ಶೋಕಗೀತೆ ಹಾಡುತ್ತಿದ್ದ ದೇವಾಲಯದ ಸೇವಕ. ಅವರ ಹಾಡಿನ ‘ಎಮೆಸಲ್’ ನುಡಿಯನ್ನು ಸುಮೇರಿನ ಕಾವ್ಯಗಳಲ್ಲಿ ದೇವಿಯರೂ ಆಡುತ್ತಾರೆ. ಅಷ್ಟಕ್ಕೇ ಗಲರೆಲ್ಲ ಹೆಣ್ಣುಗುರುತಿನವರು ಎನ್ನಲಾಗದು. ಹೆಂಡತಿ ಮಕ್ಕಳಿದ್ದ ಗಲರೂ ದಾಖಲೆಗಳಲ್ಲಿದ್ದಾರೆ. ಗಲ್ಲಿಗಳು ಅನಾತೋಲಿಯಾದ (ಇಂದಿನ ಟರ್ಕಿ) ಮಾತೃದೇವತೆ ಸಿಬೆಲೆಯ ಸೇವಕರು. ದೇವಿಯೆಂದು ಪೂಜಿಸುತ್ತಿದ್ದ ಕಲ್ಲು ರೋಮಿಗೆ ಬಂದದ್ದು ಕ್ರಿ.ಪೂ. 204ರಲ್ಲಿ. ಇವರು ತಾವೇ ಬೀಜ ತೆಗೆದುಕೊಂಡು, ಕೂದಲು ಬಿಟ್ಟು, ಹೆಣ್ಣುಡುಗೆ ತೊಡುತ್ತಿದ್ದರು. ಇಬ್ಬರ ನಡುವೆ ಎರಡು ಸಾವಿರ ವರ್ಷದ ಅಂತರವಿದೆ. ಎರಡು ಬೇರೆ ಚೌಕ ಹಾಕಿ, ನಡುವೆ ಗೆರೆ ಬೇಡ.

ನಮ್ಮ ಜೋಗಪ್ಪಂದಿರನ್ನು ನೀವು ಮರೆತಿರಿ. ಸವದತ್ತಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು, ಹೆಣ್ಣುಡುಗೆಯಲ್ಲಿ ದೇವಿಯ ಸೇವೆಗೆ ನಿಂತವರು. ಅವರಲ್ಲೊಬ್ಬರಾದ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಆ ಚೌಕಕ್ಕೆ ಅವರ ಹೆಸರು ಸಾಕು.

ಇನ್ನು 1871. “ಮಂಗಳೂರಿನಲ್ಲೂ ನೋಂದಣಿ ಶುರುವಾಯಿತು” ಎಂದು ಮಕ್ಕಳು ಬರೆದಿದ್ದಾರೆ. ಅಳಿಸಿ. ಕಾಯ್ದೆ ಓದುವಾಗ ಮೊದಲು ನೋಡಬೇಕಾದದ್ದು ಅದು ಎಲ್ಲಿಗೆ ಅನ್ವಯ ಎಂಬ ಸಾಲು. ಆ ಅಪರಾಧಿ ಬುಡಕಟ್ಟುಗಳ ಕಾಯ್ದೆ ಶುರುವಿನಲ್ಲಿ ಅನ್ವಯಿಸಿದ್ದು ವಾಯವ್ಯ ಪ್ರಾಂತ, ಅವಧ್ (ಇವೆರಡೂ ಹೆಚ್ಚಾಗಿ ಇಂದಿನ ಉತ್ತರ ಪ್ರದೇಶ) ಮತ್ತು ಪಂಜಾಬಿಗೆ. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತದಲ್ಲಿತ್ತು. ಅದರ ಎರಡನೇ ಭಾಗ, ಮಕ್ಕಳನ್ನು ಕದಿಯುತ್ತಾರೆಂದೋ, ಬೀಜ ತೆಗೆಯುತ್ತಾರೆಂದೋ, ದಂಡಸಂಹಿತೆಯ 377ನೇ ಕಲಮಿನ (‘ಅಸ್ವಾಭಾವಿಕ’ ಸಂಭೋಗ) ಅಪರಾಧ ಮಾಡುತ್ತಾರೆಂದೋ ಅನುಮಾನವಿದ್ದ ‘ನಪುಂಸಕ’ರ ಹೆಸರು, ವಾಸಸ್ಥಳವನ್ನು ರಿಜಿಸ್ಟರಿನಲ್ಲಿ ಬರೆಯಿಸಿತು. ನೋಂದಾಯಿತರು ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ, ಸಾರ್ವಜನಿಕವಾಗಿ ಕುಣಿದರೆ, ವಾದ್ಯ ನುಡಿಸಿದರೆ ವಾರಂಟ್ ಇಲ್ಲದೆ ಬಂಧನ. ಎರಡು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಉಯಿಲು ಬರೆಯುವಂತಿಲ್ಲ, ದತ್ತು ತೆಗೆದುಕೊಳ್ಳುವಂತಿಲ್ಲ, ದಾನ ಕೊಡುವಂತಿಲ್ಲ. ‘ನಪುಂಸಕ’ ಯಾರೆಂಬುದಕ್ಕೆ ಅಳತೆ ಷಂಡತನ, ಅದೂ ತಾವೇ ಒಪ್ಪಿಕೊಂಡದ್ದು ಇಲ್ಲವೇ ವೈದ್ಯರ ತಪಾಸಣೆಯಲ್ಲಿ ಕಂಡದ್ದು. ಒಬ್ಬರು ತಮ್ಮನ್ನು ಏನೆಂದು ತಿಳಿದಿದ್ದಾರೆಂದು ಯಾರೂ ಕೇಳಲಿಲ್ಲ. ಅದನ್ನು ಕೇಳಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2014ರ ಏಪ್ರಿಲ್ 15ರಂದು. ಆ ದಿನಾಂಕ ನಿಮ್ಮ ಚಾರ್ಟಿನಲ್ಲಿಲ್ಲ.

ಒಂದು ಬಾಣ ಬೇಕೇ ಬೇಕೆಂದಿದ್ದರೆ ಅದನ್ನು 1871ರಿಂದ 2011ಕ್ಕೆ ಹಾಕಿ. ಆ ವರ್ಷ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿತು. ಅದೇ ಅನುಮಾನ, ಅದೇ ಹೆಸರು ಮತ್ತು ವಾಸಸ್ಥಳದ ರಿಜಿಸ್ಟರ್, ಹೆಚ್ಚುಕಡಿಮೆ ಅದೇ ಮಾತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ, 2016ರಲ್ಲಿ ‘ನಪುಂಸಕ’ ಎಂಬ ಪದ ತೆಗೆದು ‘ವ್ಯಕ್ತಿ’ ಎಂದು ಬರೆದರು.